ಕೊನೆಯ ಅಧ್ಯಾಯಕ್ಕೆ ದಾರ ಕಟ್ಟಿದ್ದೇನೆ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳಿಂದ ತಿಂಗಳಿಗೊಮ್ಮೆ ಸೇರುವ ನಮ್ಮ ಓದುಬಳಗದ ಅಕ್ಕಂದಿರಿಗೆ, ಅಣ್ಣಂದಿರಿಗೆ, ಕಿರಿಯ ಗೆಳೆಯರಿಗೆ,

ಕಳೆದ ಭಾನುವಾರ ಸಂಡೂರಿನಲ್ಲಿ ಕೂತಿದ್ದಾಗ ಶ್ರಾವಣಕ್ಕೆ ಯಾವ ಪುಸ್ತಕ ಎಂಬ ಮಾತು ಬಂತು. ಒಂದು ಪತ್ತೇದಾರಿ ಕಾದಂಬರಿ ಓದೋಣ ಎಂದೆ ನಾನು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮ ಹಿರಿಯರೊಬ್ಬರು ಬಹಳ ಮೆತ್ತಗೆ, "ಅದು ಬಸ್ಸಿನಾಗ ಓದಿ ಸೀಟಿನ ಮ್ಯಾಲೆ ಬಿಟ್ಟು ಇಳಿಯೋ ಪುಸ್ತಕ ಅಲ್ಲೇನ್ರೀ ಟೀಚರ್ರೇ?" ಎಂದು ಕೇಳಿದರು. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಹೊಸಪೇಟೆ ಬಸ್ಸಿಗೂ ಹೊತ್ತಾಗಿತ್ತು. ಮನೆಗೆ ಬಂದು ನಾಲ್ಕು ದಿನ ಅದನ್ನೇ ಯೋಚಿಸಿದೆ. ಹೇಳಬೇಕಾದ್ದು ಬಹಳ ಇದೆ ಅನ್ನಿಸಿ ಈ ಕಾಗದ ಬರೆಯುತ್ತಿದ್ದೇನೆ. ಇದು ನಮ್ಮ ಬಳಗಕ್ಕೇ ಬರೆದದ್ದು, ಆದರೂ ಮುಚ್ಚಿದ ಲಕೋಟೆಯಲ್ಲಿ ಕಳಿಸುತ್ತಿಲ್ಲ. ಈ ಸೀಮೆಯ ಗ್ರಂಥಾಲಯಗಳಲ್ಲಿ, ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ, ವಿದ್ಯಾರಣ್ಯದ ಕನ್ನಡ ವಿಶ್ವವಿದ್ಯಾಲಯದ ಹಾಸ್ಟೆಲ್ಲುಗಳಲ್ಲಿ ನಾಲ್ಕು ಜನ ಕೂಡಿ ಓದುವವರು ಯಾರಿದ್ದರೂ ಅವರಿಗೂ ಇದು ಸಲ್ಲಲಿ.

ನನ್ನ ಅವ್ವನಿಂದ ಶುರುಮಾಡುತ್ತೇನೆ. ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯ ತುದಿಯಲ್ಲಿ ಬಾಡಿಗೆ ಪುಸ್ತಕದ ಅಂಗಡಿಯೊಂದಿತ್ತು. ಅಲ್ಲಿಯ ಪುಸ್ತಕಗಳಿಗೆ ಮೂಲ ರಕ್ಷಾಪುಟ ಇರುತ್ತಿರಲಿಲ್ಲ. ಕಂದು ರಟ್ಟು, ಟ್ವೈನ್ ದಾರದ ಹೊಲಿಗೆ, ಬೆನ್ನಿನ ಮೇಲೆ ಮಸಿಯಲ್ಲಿ ಬರೆದ ನಂಬರು. ಮಧ್ಯಾಹ್ನ ಊಟದ ಪಾತ್ರೆ ತೊಳೆದು ಮುಗಿದ ಮೇಲೆ ನಮ್ಮ ಪಡಸಾಲೆಗೆ ಓಣಿಯ ನಾಲ್ಕೈದು ಹೆಂಗಸರು ಬರುತ್ತಿದ್ದರು. ಮೊರದಲ್ಲಿ ಅಕ್ಕಿ ಇರುತ್ತಿತ್ತು, ಇಲ್ಲವೇ ಹಪ್ಪಳದ ಹಿಟ್ಟು. ಎಲ್ಲರಲ್ಲಿ ಸರಾಗವಾಗಿ ಓದಲು ಬರುತ್ತಿದ್ದವಳು ಅವ್ವ ಒಬ್ಬಳೇ. ಅವಳು ಓದುತ್ತಿದ್ದಳು, ಉಳಿದವರ ಕೈ ಕೆಲಸ ಮಾಡುತ್ತಿತ್ತು. ಕೊಲೆಯ ಸುಳಿವು ಬಂದಾಗ ಮಾತ್ರ ಅಕ್ಕಿ ಆರಿಸುವ ಕೈಗಳೆಲ್ಲ ಒಟ್ಟಿಗೆ ನಿಲ್ಲುತ್ತಿದ್ದವು.

ಒಂದು ಸಲ ಬಂದ ಪುಸ್ತಕಕ್ಕೆ ಕೊನೆಯ ಹಾಳೆಗಳೇ ಇರಲಿಲ್ಲ. ಯಾರೋ ಹರಿದುಕೊಂಡಿದ್ದರೋ, ಹೊಲಿಗೆ ಬಿಚ್ಚಿ ಉದುರಿತ್ತೋ. ಪತ್ತೇದಾರ ಎಲ್ಲರನ್ನೂ ನಡುಮನೆಗೆ ಕರೆಸುತ್ತಾನೆ, ಬಾಗಿಲು ಹಾಕಿಸುತ್ತಾನೆ, ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಅಂಗಡಿಯವರ ಹತ್ತಿರ ಬೇರೆ ಪ್ರತಿ ಇರಲಿಲ್ಲ. ಆಮೇಲೆ ಎಂಟು ದಿನ ಆ ಕಾದಂಬರಿ ನಮ್ಮ ಓಣಿಯಲ್ಲೇ ಇತ್ತು. ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು ಹಾಲಿನಲ್ಲಿ ಬೆರೆಸಿದ ಔಷಧ ಅಷ್ಟು ಬೇಗ ಕೆಲಸ ಮಾಡುವುದಿಲ್ಲ ಎಂದರು. ಹೂ ಕಟ್ಟಿ ಮಾರುತ್ತಿದ್ದ ಅಜ್ಜಿ, "ಸುಳ್ಳು ಹೇಳೋರು ಕೇಳದಿದ್ದ ಪ್ರಶ್ನೆಗೂ ಉತ್ತರ ಕೊಡ್ತಾರ, ನೋಡ್ರಿ, ಆ ಮೈದುನ ಹಂಗ ಮಾಡ್ಯಾನ" ಎಂದಳು. ಅವ್ವ ಹಿಂದಿನ ಹಾಳೆ ತಿರುವಿ ನೋಡಿದರೆ ಹೌದು, ಮೈದುನ ಹಾಗೆಯೇ ಮಾಡಿದ್ದ! ಶಾಲೆಗೆ ಹೋಗದ ಆ ಅಜ್ಜಿಯ ಮಾತನ್ನು ಇಡೀ ಓಣಿ ಕಿವಿಗೊಟ್ಟು ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ಅಂಗಡಿಯಿಂದ ಬಂದವುಗಳಲ್ಲಿ ಹೆಚ್ಚಿನವು ಎನ್. ನರಸಿಂಹಯ್ಯನವರ ಪುಸ್ತಕಗಳು. ಅವರು ಓದಿದ್ದು ನಾಲ್ಕನೆಯ ತರಗತಿಯವರೆಗೆ, ಬರೆದದ್ದು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು. ಅವರ ಪತ್ತೇದಾರ ಪುರುಷೋತ್ತಮನಿಗಾಗಿಯೇ ಅಕ್ಷರ ಕೂಡಿಸಿ ಓದಲು ಕಲಿತವರು ಒಂದಿಡೀ ತಲೆಮಾರಿನಲ್ಲಿದ್ದರು. ಮ. ರಾಮಮೂರ್ತಿಯವರ ಹೆಸರನ್ನೂ ಹೇಳಬೇಕು. ಇಂದು ನವೆಂಬರ್ ಒಂದಕ್ಕೆ ನಮ್ಮ ಊರುಗಳ ವೃತ್ತಗಳಲ್ಲೆಲ್ಲ ಹಾರುವ ಅರಿಶಿನ-ಕುಂಕುಮ ಬಣ್ಣದ ಬಾವುಟವನ್ನು ರೂಪಿಸಿದವರು ಅವರು. ಕನ್ನಡಕ್ಕಾಗಿ ಬೀದಿಗಿಳಿದ ಆ ಮನುಷ್ಯ ಪತ್ತೇದಾರಿ ಕಾದಂಬರಿಕಾರ. ಸೀಟಿನ ಮೇಲೆ ಬಿಟ್ಟು ಇಳಿಯುವ ಪುಸ್ತಕ ಎನ್ನುವಾಗ ನನಗೆ ನೋವಾದದ್ದು ಇದಕ್ಕೇ. ಕನ್ನಡಕ್ಕೆ ಇಷ್ಟೊಂದು ಓದುಗರನ್ನು ತಂದುಕೊಟ್ಟ ಈ ಪುಸ್ತಕಗಳನ್ನು ನಾವು ಕಪಾಟಿನ ಹೊರಗೇ ನಿಲ್ಲಿಸಿದ್ದೇವೆ.

ಆದರೆ ಶ್ರಾವಣಕ್ಕೆ ನಾನು ಕೇಳುತ್ತಿರುವುದು ಪತ್ತೇದಾರಿಯಲ್ಲೇ ಇನ್ನೊಂದು ಬಗೆ. ಇಂಗ್ಲಿಷಿನವರು ಅದಕ್ಕೆ ಕೋಜಿ ಮಿಸ್ಟರಿ ಎನ್ನುತ್ತಾರೆ. ನನ್ನ ಬಾಯಿಗೆ ಬರುವ ಹೆಸರು ಮನೆಯಂಗಳದ ಪತ್ತೇದಾರಿ. ಅದರಲ್ಲಿ ಪಿಸ್ತೂಲಿನ ಸದ್ದು ದೂರದಲ್ಲೆಲ್ಲೋ ಕೇಳುತ್ತದೆ, ರಕ್ತ ಕಣ್ಣಿಗೆ ಬೀಳುವುದಿಲ್ಲ. ಊರು ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು. ನಮ್ಮ ಹಳೆಯ ಕನ್ನಡ ಪತ್ತೇದಾರಿಗಳಲ್ಲಿ ಸಾಮಾನ್ಯವಾಗಿ ಪತ್ತೇದಾರ ಕಾರಿನಲ್ಲಿ ಹೊರಗಿನಿಂದ ಬರುತ್ತಾನೆ, ಬಿಡಿಸಿ ಕೊಟ್ಟು ಹೊರಟುಹೋಗುತ್ತಾನೆ. ಮನೆಯಂಗಳದ ಪತ್ತೇದಾರಿಯಲ್ಲಿ ಹೊರಗಿನಿಂದ ಯಾರೂ ಬರುವುದಿಲ್ಲ. ಅಲ್ಲೇ ಇರುವ ಒಬ್ಬ ಮುದುಕಿಯೋ, ಬೇಕರಿಯವಳೋ, ನಿವೃತ್ತ ನರ್ಸೋ ಬಿಡಿಸಬೇಕು. ಬಿಡಿಸಿದ ಮೇಲೆ ಮರುದಿನ ಅದೇ ಜನರ ನಡುವೆ ಬದುಕಲೂ ಬೇಕು. ಈ ಎರಡನೆಯದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಅಗಾಥಾ ಕ್ರಿಸ್ಟಿ ಈ ಹಾದಿಯನ್ನು ಹೆದ್ದಾರಿ ಮಾಡಿದವರು. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ದುಡಿದವರು. ವಿಷಗಳ ಬಗ್ಗೆ ಅವರಿಗಿದ್ದ ತಿಳಿವಳಿಕೆ ಅಲ್ಲಿಯದು. 1926ರ ಒಂದು ಕಾದಂಬರಿಯಲ್ಲಿ ಊರಿನ ಡಾಕ್ಟರರಿಗೊಬ್ಬ ಮದುವೆಯಾಗದ ಅಕ್ಕ ಇದ್ದಾಳೆ. ಮನೆ ಬಿಟ್ಟು ಕದಲದೆ, ಹಾಲಿನವನಿಂದಲೋ ಕೆಲಸದವಳಿಂದಲೋ ಊರಿನ ಸುದ್ದಿಯನ್ನೆಲ್ಲ ತಿಳಿದುಕೊಳ್ಳುವವಳು. ಆ ಪಾತ್ರ ಬರೆಯುವಾಗ ಸಿಕ್ಕ ಖುಷಿಯಿಂದಲೇ ತಮ್ಮ ಪತ್ತೇದಾರ ಅಜ್ಜಿ ಮಿಸ್ ಮಾರ್ಪಲ್ ಹುಟ್ಟಿರಬೇಕು ಎಂದು ಕ್ರಿಸ್ಟಿ ಆಮೇಲೆ ಹೇಳಿಕೊಂಡರು. ಮಿಸ್ ಮಾರ್ಪಲ್ ಕಾದಂಬರಿಗೆ ಬಂದದ್ದು 1930ರಲ್ಲಿ, 'ದಿ ಮರ್ಡರ್ ಅಟ್ ದಿ ವಿಕರೇಜ್' ಎಂಬುದರಲ್ಲಿ. ಅಜ್ಜಿ ಹೆಣಿಗೆ ಹಾಕುತ್ತಾಳೆ, ತೋಟ ನೋಡಿಕೊಳ್ಳುತ್ತಾಳೆ, ಬೈನಾಕ್ಯುಲರ್ ಹಿಡಿದು ಹಕ್ಕಿ ನೋಡುತ್ತಾಳೆ. ದೊಡ್ಡ ಕೊಲೆಯೊಂದು ಎದುರಿಗೆ ಬಂದರೆ, ನಮ್ಮೂರಲ್ಲಿ ಹಿಂದೊಮ್ಮೆ ಮೀನಿನ ಅಂಗಡಿಯಲ್ಲಿ ಹೀಗೇ ಆಗಿತ್ತು ಎಂಬಂಥ ಸಣ್ಣ ಸಂಗತಿಯೊಂದನ್ನು ನೆನಪಿಸಿಕೊಂಡು ಅದರಿಂದಲೇ ಗಂಟು ಬಿಚ್ಚುತ್ತಾಳೆ. ಹೂ ಕಟ್ಟುವ ನಮ್ಮ ಅಜ್ಜಿಗೂ ಆಕೆಗೂ ಪರಿಚಯ ಮಾಡಿಸಬೇಕಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇದೇನೂ ನಮಗೆ ಪರದೇಶದ ಸಾಮಾನಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ನಮ್ಮ ಗಾದೆಯಲ್ಲಿ ಒಂದಿಡೀ ಪತ್ತೇದಾರಿ ಕಥೆ ಇದೆ. ಕಳವಿದೆ, ಗುಂಪಿದೆ, ಸುಳಿವಿದೆ, ಬೂದಿ ಹತ್ತಿತೇನೋ ಎಂಬ ಅಂಜಿಕೆಯಿದೆ, ಬಾಯಿಬಿಡದೆಯೇ ತಪ್ಪೊಪ್ಪಿಗೆಯಿದೆ. ಹಂಪಿಯ ಮಕ್ಕಳಿಗೆ ಇಂದಿಗೂ ಹೇಳುವ ತೆನಾಲಿ ರಾಮಕೃಷ್ಣನ ಕಥೆ ನೋಡಿ. ಹಿತ್ತಲಲ್ಲಿ ಅಡಗಿದ ಕಳ್ಳರಿಗೆ ಕೇಳುವಂತೆ, ಒಡವೆಯನ್ನೆಲ್ಲ ಬಾವಿಗೆ ಹಾಕಿಬಿಡೋಣ ಎಂದು ಹೆಂಡತಿಗೆ ಹೇಳಿ ಪೆಟ್ಟಿಗೆಯೊಂದನ್ನು ಬಾವಿಗೆ ಎಸೆಯುತ್ತಾನೆ. ಕಳ್ಳರು ರಾತ್ರಿಯೆಲ್ಲ ನೀರು ಸೇದುತ್ತಾರೆ, ಇವನು ಅದನ್ನು ಪಾತಿಗಳಿಗೆ ತಿರುಗಿಸುತ್ತಾನೆ, ಬೆಳಗಾಗುವಷ್ಟರಲ್ಲಿ ತೋಟ ನೆನೆದಿರುತ್ತದೆ. ಒಂದು ತೊಟ್ಟು ರಕ್ತವಿಲ್ಲ. ಅಪ್ಪಟ ಮನೆಯಂಗಳದ ಕಥೆ ಅದು.

ಇನ್ನು ಕಂಪ್ಲಿಯವರು ನನ್ನ ಈ ಮಾತನ್ನು ಗಮನವಿಟ್ಟು ಕೇಳಬೇಕು. ನಿಮ್ಮ ಊರಿನ ಹೆಸರಿನೊಂದಿಗೇ ಬೆಸೆದ ಕಥೆ ಇದು. ಕಂಪಿಲರಾಯನ ಮಗ ಕುಮಾರರಾಮ ಆಡುತ್ತಿದ್ದ ಚೆಂಡು ಚಿಕ್ಕರಾಣಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ಚೆಂಡು ತರಲು ಹೋದವನನ್ನು ಅವಳು ಬಯಸುತ್ತಾಳೆ, ಅವನು ತಾಯಿಯೆಂದು ಕೈಮುಗಿದು ಹೊರಬರುತ್ತಾನೆ, ಅವಳು ರಾಜನ ಮುಂದೆ ಅವನ ಮೇಲೆಯೇ ದೂರು ಹೇಳುತ್ತಾಳೆ. ರಾಜ ಮಗನ ತಲೆ ತೆಗೆಯಲು ಅಪ್ಪಣೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ಕುಮಾರರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಬೇರೆಯವನ ತಲೆ ತೋರಿಸುತ್ತಾನೆ. ಮುಂದೆ ದಿಲ್ಲಿಯ ಸೈನ್ಯ ಬಂದು ರಾಜ್ಯ ಮುಳುಗುವ ಹೊತ್ತಿಗೆ, ಸತ್ತನೆಂದು ಎಲ್ಲರೂ ಅತ್ತ ಮಗ ಎದ್ದು ಬರುತ್ತಾನೆ. ನಂಜುಂಡ ಕವಿಯ ಸಾಂಗತ್ಯ ಈ ಕಥೆಯನ್ನು ಹೇಳಿತು. ನಮ್ಮ ಸೀಮೆಯ ಹಾಡುಗಾರರೂ ತಲೆಮಾರುಗಳಿಂದ ಹಾಡಿದರು.

ಈ ಸಲ ಅದನ್ನು ಪತ್ತೇದಾರಿಯ ಕಣ್ಣಿನಿಂದ ನೋಡಿ. ಅರಮನೆ ತುಂಬ ಜನ. ಚೆಂಡು ಬಿದ್ದದ್ದನ್ನು ನೋಡಿದ ದಾಸಿಯರಿದ್ದರು, ಜೊತೆಗೆ ಆಡುತ್ತಿದ್ದ ಗೆಳೆಯರಿದ್ದರು, ಬಾಗಿಲಿನ ಕಾವಲಿನವರಿದ್ದರು. ರಾಜ ಒಬ್ಬರನ್ನೂ ಒಂದು ಮಾತು ಕೇಳಲಿಲ್ಲ. ಚೆಂಡು ಎಲ್ಲಿ ಬಿತ್ತು, ಅವನು ಒಳಗೆ ಹೋಗಿ ಎಷ್ಟು ಹೊತ್ತಾಗಿತ್ತು, ಹೊರಗೆ ಬಂದಾಗ ಹೇಗಿದ್ದ. ಮೂರೇ ಪ್ರಶ್ನೆ ಸಾಕಿತ್ತು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತದೆ ಗಾದೆ. ಇಲ್ಲಿ ರಾಜ ಕಣ್ಣಾರೆ ಕಂಡೂ ಇರಲಿಲ್ಲ, ಪರಾಂಬರಿಸಲೂ ಇಲ್ಲ. ನನಗೆ ಪತ್ತೇದಾರಿ ಕಾದಂಬರಿ ಬೇಕಾಗುವುದು ಇದಕ್ಕಾಗಿ. ಆ ಅರಮನೆಯಲ್ಲಿ ಯಾರೂ ಕೇಳದೆ ಬಿಟ್ಟ ಮೂರು ಪ್ರಶ್ನೆಗಳನ್ನು ಅದು ಮುನ್ನೂರು ಪುಟ ಬಿಡದೆ ಕೇಳುತ್ತದೆ.

ಒಟ್ಟಿಗೆ ಓದುವಾಗ ಮಾತ್ರ ಆಗುವ ಒಂದು ಸಂಗತಿಯನ್ನು ಈಗ ನೆನಪಿಸುತ್ತೇನೆ. ಕೆಲವರಿಗೆ ಕಸಿವಿಸಿ ಆದೀತು, ಕ್ಷಮಿಸಿ. ಹೋದ ವರ್ಷ ಒಂದು ಸಂಜೆ ಹೊತ್ತು ಕಳೆಯಲೆಂದು ಚಿಕ್ಕ ಪತ್ತೇದಾರಿ ಕಥೆಯೊಂದನ್ನು ಓದಿದೆವು. ದೊಡ್ಡ ಮನೆ, ಕಳುವಾದ ಸರ, ಐದು ಜನರ ಮೇಲೆ ಗುಮಾನಿ. ಅರ್ಧಕ್ಕೆ ನಿಲ್ಲಿಸಿ ಯಾರಿರಬಹುದು ಎಂದು ಕೇಳಿಕೊಂಡೆವು. ಮನೆಗೆಲಸದ ಹುಡುಗ ಎಂದೆವು ಬಹುಪಾಲು ಜನ. ನಾನೂ ಅದನ್ನೇ ಹೇಳಿದೆ. ಆಗ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಸಂಡೂರಿನ ಕಡೆಯ ತಾಂಡಾದಿಂದ ಬರುವವಳು, "ಅವನ ಮ್ಯಾಲೆ ಯಾಕ? ಕಥಿಯಾಗ ಅವನು ಏನೂ ಮಾಡೇ ಇಲ್ಲಲ್ಲ" ಎಂದಳು. ಪುಟ ತಿರುವಿ ನೋಡಿದೆವು. ನಿಜ. ಅವನ ವಿರುದ್ಧ ಒಂದು ಸುಳಿವೂ ಇರಲಿಲ್ಲ. ಅವನು ಬಡವ ಎಂಬುದನ್ನು ಬಿಟ್ಟರೆ ನಮ್ಮ ಕೈಯಲ್ಲಿ ಬೇರೇನೂ ಇರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹುಟ್ಟನ್ನೇ ಅಪರಾಧವೆಂದು ಬರೆದ ಕಾನೂನು ಈ ದೇಶದಲ್ಲಿ 1871ರಲ್ಲಿ ಬಂತು. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ ಹೋಯಿತು. ಸಮುದಾಯಗಳಿಗೆ ಸಮುದಾಯಗಳೇ ಠಾಣೆಯಲ್ಲಿ ಹೆಸರು ಬರೆಸಿ ಬದುಕಬೇಕಾದ ಕಾಲ ಅದು. ಕಾಗದದ ಮೇಲಿನ ಕಾನೂನು ಹೋಯಿತು, ನಮ್ಮ ಊಹೆಯಲ್ಲಿ ಅದರ ತುಣುಕು ಉಳಿದಿತ್ತು. ಗಂಭೀರ ಪ್ರಬಂಧವೊಂದನ್ನು ಓದಿದ್ದರೆ ನಾವೆಲ್ಲ ತಲೆಯಾಡಿಸಿ ಮನೆಗೆ ಹೋಗುತ್ತಿದ್ದೆವು. ಒಂದು ಪತ್ತೇದಾರಿ ಕಥೆ ನಮ್ಮ ಬಾಯಿಂದಲೇ ಅದನ್ನು ಹೊರಡಿಸಿತು, ಪಕ್ಕದಲ್ಲೇ ಕೂತಿದ್ದ ಹುಡುಗಿ ಅದನ್ನು ಹಿಡಿದು ತೋರಿಸಿದಳು. ನಾನೊಬ್ಬಳೇ ಓದಿದ್ದರೆ ಹುಡುಗನ ಮೇಲೆ ಗುಮಾನಿ ಪಟ್ಟದ್ದು ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ನನಗೇ ಮರೆತುಹೋಗಿರುತ್ತಿತ್ತು.

ಕ್ರಿಸ್ಟಿಯ ಪುಸ್ತಕಗಳಲ್ಲೂ ಕೆಲಸದವರ ಬಗ್ಗೆ, ಪರದೇಶದವರ ಬಗ್ಗೆ ಇವತ್ತು ಚುಚ್ಚುವ ಮಾತುಗಳಿವೆ. ಅವನ್ನು ಹಾರಿಸಿ ಓದುವುದು ಬೇಡ. ಅಲ್ಲಲ್ಲೇ ನಿಂತು ಮಾತಾಡೋಣ.

ಸುಳಿವಿಲ್ಲದೆ ಯಾರ ಮೇಲೂ ಗುಮಾನಿ ಪಡಬಾರದೆಂಬ ಕಾರಣಕ್ಕೆ ನಾನೊಂದು ನಿಯಮ ಕೇಳುತ್ತಿದ್ದೇನೆ. ಕೊನೆಯ ಅಧ್ಯಾಯಕ್ಕೆ ಮುಂಚೆ ಪುಸ್ತಕ ಮುಚ್ಚಬೇಕು. ಒಂದು ದಿನ ಎರಡು ದಿನದ ಮಾತಲ್ಲ, ಪೂರಾ ಒಂದು ವಾರ. ಆ ವಾರದಲ್ಲಿ ಪ್ರತಿಯೊಬ್ಬರೂ ತಮ್ಮ ಗುಮಾನಿ ಯಾರ ಮೇಲೆ, ಯಾವ ಪುಟದ ಯಾವ ಮಾತಿನಿಂದ ಎಂದು ಚೀಟಿಯಲ್ಲಿ ಬರೆಯಬೇಕು. "ಅವನ ಮುಖ ನೋಡಿದರೇ ಗೊತ್ತಾಗುತ್ತದೆ" ಎಂಬ ಚೀಟಿಗಳನ್ನು ತೆಗೆದುಕೊಳ್ಳುವುದಿಲ್ಲ. ಇಂಗ್ಲೆಂಡಿನಲ್ಲಿ ಪತ್ತೇದಾರಿ ಬರೆಯುವ ಹಲವರು ಸೇರಿ 1930ರಲ್ಲಿ ಡಿಟೆಕ್ಷನ್ ಕ್ಲಬ್ ಕಟ್ಟಿಕೊಂಡರು. ದೈವವಾಣಿಯಿಂದಲೋ ಕಾಕತಾಳೀಯದಿಂದಲೋ ಗಂಟು ಬಿಚ್ಚುವುದಿಲ್ಲ, ಓದುಗರಿಂದ ಮುಖ್ಯ ಸುಳಿವನ್ನು ಮುಚ್ಚಿಡುವುದಿಲ್ಲ ಎಂದು ಅವರಲ್ಲಿ ಪ್ರಮಾಣ ಮಾಡಿಸುತ್ತಿದ್ದರು. ಬರೆಯುವವರಿಗೆ ಅಷ್ಟು ಕಟ್ಟುನಿಟ್ಟು ಇದ್ದರೆ ಓದುವ ನಮಗೂ ಇರಲಿ.

ಮಧ್ಯದಲ್ಲಿ ನಿಲ್ಲಿಸುವುದು ನಮಗೇನು ಹೊಸದೇ? ಶ್ರಾವಣ ಬಂತೆಂದರೆ ನಮ್ಮ ಕಡೆ ಗುಡಿಗಳಲ್ಲಿ ಸಂಜೆ ಪುರಾಣ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಒಬ್ಬರು ಅರ್ಥ ಹೇಳುತ್ತಾರೆ. ಶರಣರಿಗೆ ಕಷ್ಟ ಬಂದ ಜಾಗದಲ್ಲೇ ಆ ದಿನದ ಮಂಗಳಾರತಿ ಆಗಿಬಿಡುತ್ತದೆ. ಮನೆಗೆ ನಡೆಯುವ ದಾರಿಯಲ್ಲಿ ಜನ ಅದನ್ನೇ ಮಾತಾಡುತ್ತಾರೆ. ಓದು ಬೆಳೆಯುವುದು ಆ ದಾರಿಯಲ್ಲಿ. ನಮ್ಮ ಬಳಗದಲ್ಲಿ ಇಂಗ್ಲಿಷ್ ಓದದವರು ಅರ್ಧದಷ್ಟಿದ್ದಾರೆ. ಶ್ರಾವಣದ ಈ ಇಂಗ್ಲಿಷ್ ಪುಸ್ತಕ ತಮಗಲ್ಲ ಎಂದು ಯಾರೂ ಹಿಂಜರಿಯಬೇಡಿ. ಪುರಾಣದ ಕ್ರಮವನ್ನೇ ಹಿಡಿಯೋಣ. ಇಬ್ಬರು ಓದಿಕೊಂಡು ಬರಲಿ, ನಮ್ಮ ಮಾತಿನಲ್ಲಿ ಹೇಳುತ್ತ ಹೋಗಲಿ, ಕೇಳುವವರು ತಡೆದು ತಡೆದು ಕೇಳಲಿ.

ನಾನು ಆರಿಸಿದ್ದು ಮಿಸ್ ಮಾರ್ಪಲ್‌ಳ ಆ ಮೊದಲ ಕಾದಂಬರಿಯನ್ನೇ. ಪಾದ್ರಿಗಳ ಮನೆಯ ಓದುಕೋಣೆಯಲ್ಲಿ ಊರಿಗೇ ಬೇಡವಾದ ಕರ್ನಲ್ ಒಬ್ಬ ಗುಂಡೇಟಿನಿಂದ ಸತ್ತು ಬಿದ್ದಿದ್ದಾನೆ. ಕಥೆ ಹೇಳುವವರು ಪಾದ್ರಿಗಳೇ. ಪಕ್ಕದ ಮನೆಯ ತೋಟದಲ್ಲಿರುವ ಮಿಸ್ ಮಾರ್ಪಲ್‌ಗೆ ಆ ದಾರಿಯಲ್ಲಿ ಹೋಗಿಬರುವವರೆಲ್ಲ ಕಾಣುತ್ತಾರೆ. ಇಷ್ಟಕ್ಕಿಂತ ಹೆಚ್ಚು ಹೇಳಲಾರೆ. ಒಂದೇ ಒಂದು ಸಂಗತಿ: ಆ ಕೋಣೆಯ ಗಡಿಯಾರವನ್ನು ಪಾದ್ರಿಗಳು ಯಾವಾಗಲೂ ಕಾಲು ಗಂಟೆ ಮುಂದಿಟ್ಟಿರುತ್ತಾರೆ, ಹೊತ್ತಿಗೆ ಸರಿಯಾಗಿ ಎಲ್ಲ ಕೆಲಸ ಆಗಲಿ ಎಂದು. ಇದನ್ನು ಓದಿದಾಗ ನಾನು ಪುಸ್ತಕದಿಂದ ತಲೆಯೆತ್ತಿ ನಮ್ಮ ಗೋಡೆ ನೋಡಿದೆ. ನಮ್ಮ ಮನೆಯ ಗಡಿಯಾರ ನನ್ನ ಮಾವನವರ ಕಾಲದಿಂದ ಹತ್ತು ನಿಮಿಷ ಮುಂದೆ ಓಡುತ್ತಿದೆ, ಬಸ್ಸು ತಪ್ಪಬಾರದೆಂದು. ನಿಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೀಗಿದೆ? ಮನೆಯವರಿಗೆ ಗೊತ್ತು, ಹೊರಗಿನವರಿಗೆ ಗೊತ್ತಿಲ್ಲ. ಇಂಥ ಸಣ್ಣ ಮನೆಮಾತಿನ ಮೇಲೆ ದೊಡ್ಡ ಕಥೆಯೊಂದು ನಿಲ್ಲಬಲ್ಲದು.

ಸಾವನ್ನು ಚಹಾ ಕುಡಿಯುತ್ತ ಮಾತಾಡುವುದು ಸರಿಯೇ ಎಂದು ಕಂಪ್ಲಿಯ ಅಕ್ಕ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಮನೆಯಲ್ಲಿ ಅಂಥ ನೋವು ಕಂಡವರು ನಮ್ಮ ನಡುವೆ ಇದ್ದಾರೆ. ಅವರಲ್ಲಿ ಯಾರಿಗಾದರೂ ಬೇಡವೆನಿಸಿದರೆ ಕಾರಣ ಹೇಳಬೇಕಿಲ್ಲ, ಬೇಡ ಎಂದರೆ ಸಾಕು. ಆಗ ಸತ್ಯಜಿತ್ ರಾಯ್ ಅವರ ಫೆಲೂದಾ ಕಥೆಗಳಿಗೆ ಹೋಗೋಣ. 1965ರಿಂದ 'ಸಂದೇಶ್' ಎಂಬ ಮಕ್ಕಳ ಪತ್ರಿಕೆಗಾಗಿ ಶುರುವಾದ ಕಥೆಗಳವು. ಓದುವವರು ಮಕ್ಕಳು ಎಂಬ ಎಚ್ಚರ ಅವುಗಳಲ್ಲಿದೆ. ಇಷ್ಟು ಮಾತ್ರ ಹೇಳಬಲ್ಲೆ: ಈ ಬಗೆಯ ಒಳ್ಳೆಯ ಕಾದಂಬರಿ ಸಾವನ್ನು ಸವಿಯುವುದಿಲ್ಲ. ಯಾರಿಗೂ ಬೇಡವಾದ ಮನುಷ್ಯ ಸತ್ತರೂ, ಅವನಿಗೇನಾಯಿತು ಎಂದು ತಿಳಿಯುವವರೆಗೆ ಊರು ಸುಮ್ಮನಿರಬಾರದು ಎನ್ನುತ್ತದೆ. ಕರ್ನಲ್‌ನಂಥವನಿಗೂ ಅಷ್ಟು ಸಲ್ಲುತ್ತದೆ.

ವಯಸ್ಸಾಯಿತು, ನೆನಪು ನಿಲ್ಲುವುದಿಲ್ಲ ಎಂದು ಹಿಂದೆ ಕೂರುವ ನಮ್ಮ ಹಿರಿಯರಿಗೆ ಒಂದು ಸುದ್ದಿ. ರಿಚರ್ಡ್ ಆಸ್ಮನ್ ಎಂಬುವರು 2020ರಲ್ಲಿ 'ದಿ ಥರ್ಸ್‌ಡೇ ಮರ್ಡರ್ ಕ್ಲಬ್' ಎಂಬ ಕಾದಂಬರಿ ಬರೆದರು. ನಿವೃತ್ತರ ವಸತಿಯಲ್ಲಿರುವ ನಾಲ್ವರು ಗುರುವಾರಕ್ಕೊಮ್ಮೆ ಸೇರಿ ಹಳೆಯ ಬಗೆಹರಿಯದ ಪ್ರಕರಣಗಳನ್ನು ಬಿಚ್ಚುತ್ತಾರೆ. ಜಗತ್ತಿನಾದ್ಯಂತ ಜನ ಅದನ್ನು ಕೈಗೆತ್ತಿಕೊಂಡರು. ಆ ನಾಲ್ವರಿಗಿಂತ ನೀವೇನು ಕಡಿಮೆ?

ಈಗ ನನ್ನ ಇನ್ನೊಂದು ಆಸೆ. ಓದಿ ಮುಗಿದ ಮೇಲೆ ನಮ್ಮಲ್ಲಿ ಯಾರಾದರೂ ಇಂಥದ್ದೊಂದನ್ನು ನಮ್ಮ ನೆಲದ ಮೇಲೆ ಬರೆಯಬೇಕು. ತೇಜಸ್ವಿಯವರು 'ಚಿದಂಬರ ರಹಸ್ಯ'ದಲ್ಲಿ ಒಂದು ಸಾವಿನ ತನಿಖೆಯ ಎಳೆ ಹಿಡಿದು ಮಲೆನಾಡಿನ ಇಡೀ ಊರನ್ನೇ ಬಿಚ್ಚಿ ತೋರಿಸಿದರು; ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ನಮ್ಮ ತುಂಗಭದ್ರೆಯನ್ನು ಸಂಡೂರಿನ ವಸುಧೇಂದ್ರ 2019ರ 'ತೇಜೋ ತುಂಗಭದ್ರಾ'ದಲ್ಲಿ ಲಿಸ್ಬನ್ನಿನ ನದಿಯವರೆಗೆ ಕೊಂಡೊಯ್ದರು. ಆದರೆ ಹಂಪಿ ಎಂದ ಕೂಡಲೇ ಪತ್ತೇದಾರಿ ಬರೆಯುವವರಿಗೆ ನಿಧಿ, ಸುರಂಗ, ವಿಗ್ರಹಗಳ್ಳರು ಬಿಟ್ಟು ಬೇರೇನೂ ಹೊಳೆಯುವುದಿಲ್ಲ ಎಂಬುದು ನನ್ನ ಬಹುದಿನದ ಬೇಸರ. ಅಲ್ಲಿ ಬಾಳೆ ತೋಟಕ್ಕೆ ನೀರು ಕಟ್ಟುವವರಿದ್ದಾರೆ, 'ತುರ್ತು' ಎಂಬ ಹೆಸರಿನ ಕಾಲುವೆಯ ಸರದಿಗೆ ಕಾಯುವವರಿದ್ದಾರೆ, ಪ್ರವಾಸಿಗಳಿಗೆ 'ರೂಮು ಖಾಲಿ ಇದೆ' ಎಂದು ಬೋರ್ಡು ಹಾಕಿ ಕೂತವರಿದ್ದಾರೆ. ಅವರ ಮನೆಯಲ್ಲಿ ಗುಟ್ಟುಗಳಿಲ್ಲವೇ?

ಹಿಮ ಬಿದ್ದು ದಾರಿ ಮುಚ್ಚಿದ ಬಂಗಲೆ ಎಂದು ಇಂಗ್ಲಿಷ್ ಕಾದಂಬರಿಗಳಲ್ಲಿ ಬರುತ್ತದಲ್ಲ, ಒಳಗಿದ್ದವರ ಹೊರತು ಬೇರೆಯವರು ಕೊಲೆ ಮಾಡಿರಲು ಸಾಧ್ಯವಿಲ್ಲದಂಥ ಜಾಗ. ನಮಗೆ ಹಿಮ ಯಾಕೆ ಬೇಕು? ತುಂಗಭದ್ರಾ ಅಣೆಕಟ್ಟಿನಿಂದ ಹೊಳೆಗೆ ನೀರು ಬಿಟ್ಟರೆ ಕಂಪ್ಲಿ-ಗಂಗಾವತಿ ಸೇತುವೆ ಮುಳುಗಿ ಆಚೆಯವರು ಆಚೆ, ಈಚೆಯವರು ಈಚೆ. ವಿರೂಪಾಪುರ ಗಡ್ಡೆ ನಡುಗಡ್ಡೆಯಾಗುತ್ತದೆ. 2019ರ ಆಗಸ್ಟಿನಲ್ಲಿ ಅಲ್ಲಿ ಸಿಕ್ಕಿಕೊಂಡ ಪ್ರವಾಸಿಗಳನ್ನು ಹೊರತಂದದ್ದು ನಿಮಗೆಲ್ಲ ನೆನಪಿದೆ. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ರಾತ್ರಿ ಪಾಳಿ, ಲಾರಿ ಹೊರಡುವಂತಿಲ್ಲ, ಎಣಿಸಿಟ್ಟ ಚೀಲಗಳಲ್ಲಿ ಒಂದು ಹೆಚ್ಚಾಗಿದೆ. ಕಡಿಮೆ ಆಗಿಲ್ಲ, ಹೆಚ್ಚಾಗಿದೆ! ಬರೆಯುವವರಿಗೆ ಇಷ್ಟು ಸಾಕು.

ಸಂಡೂರಿನ ಲಂಬಾಣಿ ಕಸೂತಿಯವರನ್ನು ನೆನೆಯಿರಿ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ 1755 ಕಸೂತಿ ತುಂಡುಗಳನ್ನು ಒಟ್ಟಿಗೆ ತೋರಿಸಿ ಗಿನ್ನೆಸ್ ದಾಖಲೆ ಮಾಡಿದರಲ್ಲ, ಆ ಹೆಣ್ಣುಮಕ್ಕಳು. ಯಂತ್ರದ ಹೊಲಿಗೆ ಯಾವುದು, ಕೈಯದು ಯಾವುದು, ಒಂದೇ ಬಟ್ಟೆಯ ಮೇಲೆ ಎರಡು ಕೈ ಓಡಿದೆಯೇ ಎಂದು ಅವರು ಬಟ್ಟೆ ಮಗುಚಿ ಹಿಂಬದಿ ನೋಡಿ ಹೇಳುತ್ತಾರೆ. ಯಾವ ಪೊಲೀಸರಿಗೆ ಆ ಕಣ್ಣಿದೆ? ಕಾದಂಬರಿಯಲ್ಲಿ ಗಂಟು ಬಿಚ್ಚುವವಳು ಅವರಲ್ಲೊಬ್ಬಳಾಗಲಿ. ತಾಂಡಾದಿಂದ ಬರುವ ನಮ್ಮ ಕಿರಿಯ ಗೆಳತಿ ಅದನ್ನು ಬರೆಯಲಿ ಎಂದು ನನ್ನ ಮನಸ್ಸಿನಲ್ಲಿದೆ. ಅವಳಿಗೆ ಇನ್ನೂ ಹೇಳಿಲ್ಲ, ಇಲ್ಲಿಯೇ ಓದಿಕೊಳ್ಳಲಿ.

ಊರಿಗೆ ಊರೇ ಪ್ರಶ್ನೆ ಕೇಳಿಕೊಂಡ ರಾತ್ರಿಯೊಂದನ್ನು ಹೊಸಪೇಟೆಯವರು ಕಂಡಿದ್ದೇವೆ. 2024ರ ಆಗಸ್ಟ್ 10. ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ ಕಣ್ಣೆದುರೇ ಹರಿದುಹೋಗುತ್ತಿತ್ತು. ಹರಿಯುವ ನೀರಿನ ನಡುವೆಯೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸುವವರೆಗೆ ಒಂದು ವಾರ ನಾವು ಚಹಾದಂಗಡಿಯಲ್ಲಿ, ಓಣಿಯಲ್ಲಿ, ಬಸ್ಸಿನಲ್ಲಿ ಬೇರೆ ಮಾತಾಡಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೊಳೆಯಿತು. ಆ ವಾರದಲ್ಲಿ ನಾನು ಗಮನಿಸಿದ್ದು ಇಷ್ಟು: ಡ್ಯಾಮಿನ ಕೆಲಸ ಬಲ್ಲವರು ನಿಧಾನವಾಗಿ ಮಾತಾಡುತ್ತಿದ್ದರು, ನಡುನಡುವೆ ನಿಲ್ಲುತ್ತಿದ್ದರು, "ಅದು ನೋಡಿದ ಮ್ಯಾಲೇ ಹೇಳಬೇಕ್ರಿ" ಎನ್ನುತ್ತಿದ್ದರು. ಶ್ರಾವಣದ ಈ ಓದಿನಲ್ಲಿ ಆ ಮಾತನ್ನು ನಾವೂ ರೂಢಿ ಮಾಡಿಕೊಳ್ಳುವುದಾದರೆ ನನಗೆ ಸಂತೋಷ.

ಶ್ರಾವಣದಲ್ಲಿ ಮಾತ್ರ ವಾರಕ್ಕೊಮ್ಮೆ ಸೇರೋಣ ಎಂದು ಯೋಚಿಸಿದ್ದೇನೆ. ಶ್ರಾವಣದ ಮೊದಲ ಭಾನುವಾರ ಹೊಸಪೇಟೆಯಲ್ಲಿ ನಮ್ಮ ಮನೆ, ಎರಡನೆಯದು ಕಂಪ್ಲಿ, ಮೂರನೆಯದು ಸಂಡೂರು. ಗಂಗಾವತಿ ಕಡೆಯಿಂದ ಕಂಪ್ಲಿಗೆ ಬರುವವರು ಹೊಳೆಗೆ ನೀರು ಬಿಟ್ಟಿದ್ದಾರೆಯೇ ಎಂದು ಕೇಳಿಕೊಂಡೇ ಹೊರಡಿ. ಸಂಡೂರಿನಲ್ಲಿ ಚೀಟಿ ಹಾಕುವುದು. ನಾನು ಮುಚ್ಚಳವಿರುವ ಸ್ಟೀಲಿನ ಡಬ್ಬಿ ತರುತ್ತೇನೆ. ಹೆಸರು ಬರೆಯುವುದೋ ಬಿಡುವುದೋ ನಿಮಗೆ ಬಿಟ್ಟದ್ದು, ಪುಟದ ಸಂಖ್ಯೆ ಮಾತ್ರ ಬರೆಯಲೇಬೇಕು.

ಕೊನೆಯ ಭಾನುವಾರ ಹಂಪಿ. ಓದಲು ಕೂರುವ ಮುಂಚೆ ವಿರೂಪಾಕ್ಷನ ಗುಡಿಗೆ ಹೋಗಿ, ಹಿಂಬದಿಯ ಆ ಕತ್ತಲೆ ಕೋಣೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ಎಲ್ಲರೂ ಇನ್ನೊಮ್ಮೆ ನೋಡೋಣ. ಅದರಲ್ಲಿ ಮೋಸವಿಲ್ಲ, ಮಾಯೆಯಿಲ್ಲ. ಬೆಳಕು ನೇರವಾಗಿಯೇ ಬಂದಿರುತ್ತದೆ, ಬಂದ ಕಿಂಡಿ ಚಿಕ್ಕದು, ಅಷ್ಟೇ. ಕಥೆ ಹೇಳುವ ಪಾದ್ರಿಗಳನ್ನೂ, ಸಾಕ್ಷಿ ಹೇಳಿದ ಒಬ್ಬೊಬ್ಬರನ್ನೂ ಆ ನೆರಳಿನ ಎದುರು ನಿಂತು ನೆನಪಿಸಿಕೊಳ್ಳಿ. ಚೀಟಿ ತಿದ್ದಬೇಕೆಂದು ಯಾರಿಗಾದರೂ ಅನ್ನಿಸಿದರೆ ಅಲ್ಲಿಯೇ ತಿದ್ದಲು ಅವಕಾಶ ಕೊಡುತ್ತೇನೆ.

ಪುಸ್ತಕ ನನ್ನ ಹತ್ತಿರ ಒಂದೇ ಪ್ರತಿ ಇದೆ. ಕೈಯಿಂದ ಕೈಗೆ ಹೋಗಬೇಕಾದ್ದು. ಕೊನೆಯ ಅಧ್ಯಾಯದ ಹಾಳೆಗಳನ್ನೆಲ್ಲ ಸೇರಿಸಿ ಹೂ ಕಟ್ಟುವ ದಾರದಿಂದ ಸುತ್ತಿ ಗಂಟು ಹಾಕಿದ್ದೇನೆ. ಗಂಟು ಹಾಕಿದ ಬಗೆ ನನಗೆ ಗೊತ್ತಿದೆ. ಮೊದಲು ಓದುವವರು ಬುಧವಾರದೊಳಗೆ ಮನೆಗೆ ಬಂದು ತೆಗೆದುಕೊಂಡು ಹೋಗಿ. ಮಧ್ಯಾಹ್ನ ಬಂದರೆ ಮಂಡಕ್ಕಿ ಒಗ್ಗರಣೆ ಇರುತ್ತದೆ, ಮಿರ್ಚಿ ನೀವು ತನ್ನಿ.

ನಿಮ್ಮ ಬಳಗದ,
ಹೊಸಪೇಟೆಯ ನಿವೃತ್ತ ಟೀಚರ್